ನಲವತ್ತೊಂದು ಲಿಂಕ್ ಬೇಡ, ವಾರಕ್ಕೊಂದು ಸಾಕು: ಶಾಲೆ ನಡೆಸುವವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಆಡಳಿತ ಮಂಡಳಿಯವರಿಗೆ ಮತ್ತು ಮಕ್ಕಳ ಓದಿನ ಯೋಜನೆ ರೂಪಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಇಬ್ಬರು ಮಕ್ಕಳ ತಾಯಿ. ಮಗಳು ಐದನೆಯ ತರಗತಿಯಲ್ಲಿದ್ದಾಳೆ, ಮಗ ಎಂಟನೆಯ ತರಗತಿಯಲ್ಲಿದ್ದಾನೆ. ದೀರ್ಘ ರಜೆ ಬಂದಾಗ, ಮಕ್ಕಳು ಕಾಯಿಲೆ ಬಿದ್ದು ವಾರಗಟ್ಟಲೆ ಮನೆಯಲ್ಲೇ ಉಳಿದಾಗ, ಮಳೆಗೋ ಸೋಂಕಿಗೋ ಹೆದರಿ ಶಾಲೆಯ ಬಾಗಿಲು ಮುಚ್ಚಿದಾಗ ನಮ್ಮ ಫೋನಿಗೆ ಶಾಲೆಯಿಂದ ಒಂದು ಸಂದೇಶ ಬರುತ್ತದೆ. ಅದರಲ್ಲಿ ಉಚಿತ ಜಾಲತಾಣಗಳ, ವಿಡಿಯೊಗಳ, ಆ್ಯಪ್‌ಗಳ ಉದ್ದನೆಯ ಪಟ್ಟಿ ಇರುತ್ತದೆ. ಕೊನೆಯಲ್ಲಿ "ಪೋಷಕರು ಸದುಪಯೋಗಪಡಿಸಿಕೊಳ್ಳಬೇಕಾಗಿ ವಿನಂತಿ" ಎಂಬ ಸಾಲು ಇರುತ್ತದೆ.

ಕಳೆದ ಬಾರಿ ಬಂದ ಪಟ್ಟಿಯಲ್ಲಿ ನಲವತ್ತೊಂದು ಲಿಂಕ್‌ಗಳಿದ್ದವು. ಮಕ್ಕಳು ಮಲಗಿದ ಮೇಲೆ ಕೂತು, ಎರಡು ರಾತ್ರಿಗಳಲ್ಲಿ ಒಂದನ್ನೂ ಬಿಡದೆ ತೆರೆದು ನೋಡಿದೆ. ಆರು ಲಿಂಕ್‌ಗಳು ತೆರೆಯಲೇ ಇಲ್ಲ. ಒಂಬತ್ತು ಲಿಂಕ್‌ಗಳು ಮೊದಲ ಪಾಠ ತೋರಿಸಿ, ಎರಡನೆಯದಕ್ಕೆ ಹಣ ಕೇಳಿದವು. ಹನ್ನೆರಡು ಲಿಂಕ್‌ಗಳು ಪಾಠ ತೋರಿಸುವುದಕ್ಕೂ ಮೊದಲೇ ಮಗುವಿನ ಹೆಸರು, ಹುಟ್ಟಿದ ದಿನಾಂಕ, ಶಾಲೆಯ ಹೆಸರು ಕೇಳಿದವು. ಉಳಿದದ್ದು ಹದಿನಾಲ್ಕು. ಆ ಹದಿನಾಲ್ಕರಲ್ಲಿ ಕೆಲವು ನಿಜವಾಗಿಯೂ ಅಪರೂಪದವು, ನಾನು ಮಗುವಾಗಿದ್ದಾಗ ಹೀಗೊಂದು ಇದ್ದಿದ್ದರೆ ಎಂದು ಆಸೆಪಡುವಂಥವು. ಆದರೆ ಅವುಗಳಲ್ಲಿ ಯಾವುದನ್ನು ಯಾವ ತರಗತಿಯ ಮಗು ಯಾವಾಗ ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಈ ಪತ್ರದ ಮೂಲಕ ನಾನು ಕೇಳುತ್ತಿರುವುದು ಒಂದೇ ಒಂದು ವಿಷಯ. ದಯವಿಟ್ಟು ಪಟ್ಟಿ ಕಳುಹಿಸುವುದನ್ನು ನಿಲ್ಲಿಸಿ. ಅದರ ಬದಲು, ವಾರಕ್ಕೆ ಒಂದು ವಿಷಯಕ್ಕೆ ಒಂದೇ ಲಿಂಕ್ ಕಳುಹಿಸಿ. ಅದನ್ನು ನಿಮ್ಮ ಶಾಲೆಯ ಒಬ್ಬ ಶಿಕ್ಷಕರು ಮೊದಲಿನಿಂದ ಕೊನೆಯವರೆಗೆ ನೋಡಿರಲಿ. ಅದರ ಜೊತೆಗೆ ಫೋನ್ ಪಕ್ಕಕ್ಕಿಟ್ಟ ಮೇಲೆ ಮಗು ಕೈಯಾರೆ ಮಾಡಬೇಕಾದ ಒಂದು ಕೆಲಸವನ್ನೂ, ಅದಾದ ಕೆಲವು ದಿನಗಳ ನಂತರ ಮನೆಯವರು ಕೇಳಬೇಕಾದ ಒಂದು ಪ್ರಶ್ನೆಯನ್ನೂ ಬರೆದು ಕಳುಹಿಸಿ. ಇಷ್ಟು ಸಣ್ಣ ಬದಲಾವಣೆಗೆ ಬಹಿರಂಗ ಪತ್ರ ಏಕೆ ಎಂದು ನಿಮಗೆ ಅನ್ನಿಸಬಹುದು. ಇದು ಸಣ್ಣದಲ್ಲ ಎಂಬುದು ನನಗೆ ಮನೆಯಲ್ಲಿ ಮಕ್ಕಳ ಪಕ್ಕ ಕೂತಾಗ ತಿಳಿಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಮೊದಲಿಗೆ, ಉಚಿತ ಸಾಮಗ್ರಿಯ ಬಗ್ಗೆ ನನಗೆ ಅಗೌರವವಿಲ್ಲ. ಅದನ್ನು ಕಟ್ಟಿದವರ ಬಗ್ಗೆ ಕೃತಜ್ಞತೆ ಇದೆ. ಅಮೆರಿಕದ ಸಲ್ಮಾನ್ ಖಾನ್ ಎಂಬ ತರುಣ 2004ರಲ್ಲಿ ದೂರದ ಊರಿನಲ್ಲಿದ್ದ ತನ್ನ ಸೋದರಸಂಬಂಧಿ ಹುಡುಗಿಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಶುರುಮಾಡಿ, 2006ರಲ್ಲಿ ಆ ಪಾಠಗಳನ್ನು ಯೂಟ್ಯೂಬಿಗೆ ಹಾಕಿ, 2008ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಖಾನ್ ಅಕಾಡೆಮಿಯನ್ನು ಕಟ್ಟಿದರು. ಇಂದು ಅದರ ಗಣಿತದ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಮರುವರ್ಷವೇ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಫೆಟ್ ಎಂಬ ಯೋಜನೆಯನ್ನು ಆರಂಭಿಸಿದರು. ವಿದ್ಯುತ್ ಮಂಡಲ, ಭಿನ್ನರಾಶಿ, ಲೋಲಕ, ಆಮ್ಲ ಮತ್ತು ಪ್ರತ್ಯಾಮ್ಲ ಹೀಗೆ ಹತ್ತಾರು ವಿಷಯಗಳನ್ನು ಮಗು ತಾನೇ ಎಳೆದು, ಜೋಡಿಸಿ, ಕೆಡಿಸಿ ನೋಡುವಂತೆ ಮಾಡಿರುವ ಪ್ರಯೋಗಗಳು ಅಲ್ಲಿವೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡವೂ ಸೇರಿ ನೂರಾರು ಭಾಷೆಗಳ ಚಿತ್ರಕಥೆಗಳಿವೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಇವುಗಳನ್ನು ಕಟ್ಟಿದವರು, ಅನುವಾದಿಸಿದವರು, ತಪ್ಪು ತಿದ್ದಿದವರು ಬಹುತೇಕ ನಮಗೆ ಹೆಸರೂ ಗೊತ್ತಿಲ್ಲದ ಜನ. ಅವರ ಶ್ರಮ ಒಂದು ಪಟ್ಟಿಯ ಹದಿನೇಳನೆಯ ಸಾಲಾಗಿ ಯಾರೂ ತೆರೆಯದೆ ಉಳಿಯುತ್ತದೆ ಎಂಬುದು ನನಗೆ ಸಂಕಟದ ವಿಷಯ.

ಇನ್ನು ನಮ್ಮ ಮನೆಯಲ್ಲಿ ನಡೆದದ್ದು.

ಮಗಳಿಗೆ ಭಿನ್ನರಾಶಿಯ ಪಾಠವಿತ್ತು. ಪಟ್ಟಿಯಲ್ಲಿದ್ದ ಒಂದು ವಿಡಿಯೊವನ್ನು ಅವಳು ಮೂರು ಸಲ ನೋಡಿದಳು. ಅದು ಚೆನ್ನಾಗಿಯೇ ಇತ್ತು. ಬಣ್ಣದ ಚಿತ್ರಗಳು, ಸ್ಪಷ್ಟವಾದ ದನಿ, ಎಲ್ಲೂ ತಪ್ಪಿಲ್ಲ. "ಅರ್ಥ ಆಯ್ತಾ ಪುಟ್ಟಿ?" ಎಂದು ಕೇಳಿದೆ. "ಆಯ್ತಮ್ಮ, ಸುಲಭ" ಎಂದಳು. ಅವಳು ಸುಳ್ಳು ಹೇಳಲಿಲ್ಲ; ಅವಳಿಗೆ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ಕೇಳಿದಾಗ, ಒಂದು ಕ್ಷಣವೂ ಯೋಚಿಸದೆ, "ನಾಲ್ಕನೇ ಒಂದು. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ?" ಎಂದಳು.

ಮರುದಿನ ಫೆಟ್‌ನ ಭಿನ್ನರಾಶಿಯ ಪ್ರಯೋಗ ತೆರೆದೆವು. ಅದರಲ್ಲಿ ಅಂಶ ಮತ್ತು ಛೇದದ ಪಕ್ಕದಲ್ಲಿ ಹೆಚ್ಚು ಕಡಿಮೆ ಮಾಡುವ ಗುಂಡಿಗಳಿವೆ. ಛೇದವನ್ನು ಬದಲಿಸಿದರೆ ವೃತ್ತ ಅಷ್ಟು ತುಂಡಾಗುತ್ತದೆ. ಅವಳು ಮೊದಲು ಮೂರು ಮಾಡಿದಳು, ಆಮೇಲೆ ನಾಲ್ಕು, ಆಮೇಲೆ ಏನೋ ಹಟ ಹಿಡಿದವಳಂತೆ ಎಂಟರವರೆಗೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋದಳು. ನಾನು ಬಾಯಿ ತೆರೆಯಲಿಲ್ಲ. ತೆರೆಯದೆ ಇರುವುದು ಎಷ್ಟು ಕಷ್ಟ ಎಂಬುದು ಮಕ್ಕಳ ಪಕ್ಕ ಕೂತ ಯಾರಿಗಾದರೂ ಗೊತ್ತು. ಐದಾರು ಸಲ ಹಾಗೆ ಮಾಡಿದ ಮೇಲೆ, "ಅಮ್ಮ, ಕೆಳಗಿನ ಸಂಖ್ಯೆ ದೊಡ್ಡದಾಗ್ತಾ ಹೋದ್ರೆ ತುಂಡು ಚಿಕ್ಕದಾಗ್ತಾ ಹೋಗತ್ತೆ" ಎಂದಳು. ನಿನ್ನೆ ಹೇಳಿದ ಉತ್ತರ ಅವಳಿಗೇ ನೆನಪಾಗಿ ಮುಖ ಸಣ್ಣದಾಯಿತು. ನಾನು ಅದರ ಬಗ್ಗೆ ಏನೂ ಹೇಳಲಿಲ್ಲ.

ಅಲ್ಲಿಗೆ ಪರದೆ ಬಂದ್ ಮಾಡಿದೆವು. ಎಂಟು ನಿಮಿಷವಾಗಿತ್ತು. ಒಂದೇ ಉದ್ದದ ಹಲವು ಕಾಗದದ ಪಟ್ಟಿಗಳನ್ನು ಕತ್ತರಿಸಿ ಕೊಟ್ಟು, ಎರಡು, ಮೂರು, ನಾಲ್ಕು, ಆರು ಸಮಭಾಗಗಳಾಗಿ ಮಡಚು ಎಂದೆ. ಎರಡು ಮತ್ತು ನಾಲ್ಕು ಸಲೀಸಾಗಿ ಬಂದವು. ಮೂರಕ್ಕೆ ಬಂದಾಗ ಸಿಕ್ಕಿಹಾಕಿಕೊಂಡಳು. ಅರ್ಧ ಮಡಚಿದರೆ ಎರಡಾಗುತ್ತದೆ, ಮತ್ತೊಮ್ಮೆ ಮಡಚಿದರೆ ನಾಲ್ಕಾಗುತ್ತದೆ, ನಡುವಿನ ಮೂರು ಎಲ್ಲಿ ಹೋಯಿತು ಎಂಬುದು ಅವಳಿಗೆ ದೊಡ್ಡ ಸಮಸ್ಯೆಯಾಯಿತು. ಎರಡು ಪಟ್ಟಿ ಹಾಳು ಮಾಡಿ, ಮೂರನೆಯದನ್ನು ಸುರುಳಿಯಂತೆ ಬಳಸಿ, ಅಂಚಿಗೆ ಅಂಚು ಕೂರುವವರೆಗೆ ಸರಿಸಿ ಸರಿಸಿ ಕೊನೆಗೆ ಸಾಧಿಸಿದಳು. ಮೂರು ಬಂದ ಮೇಲೆ ಆರು ತಾನಾಗಿಯೇ ಬಂತು. ಅದು ಏಕೆ ಬಂತು ಎಂದು ಅವಳೇ ನನಗೆ ವಿವರಿಸಿದಳು. ಈ ಕಾಗದದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಪಟ್ಟಿಗಳನ್ನು ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ತನ್ನ ಮಾತಿನಲ್ಲೇ ಒಂದು ವಾಕ್ಯ ಬರೆದಳು.

ಎಂಟು ನಿಮಿಷ ಪರದೆ, ಮುಕ್ಕಾಲು ಗಂಟೆ ಕಾಗದ. ಈ ಲೆಕ್ಕವನ್ನು ನೀವು ಗಮನಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ನೀವು ಕಳುಹಿಸುವ ಪಟ್ಟಿಯಲ್ಲಿ ಆ ಎಂಟು ನಿಮಿಷ ಮಾತ್ರ ಇದೆ. ಮುಕ್ಕಾಲು ಗಂಟೆಯ ಭಾಗ ಇಲ್ಲ. ಅದನ್ನು ಪ್ರತಿ ಮನೆಯೂ ತಾನೇ ಕಂಡುಕೊಳ್ಳಬೇಕು. ನನಗೆ ಅಷ್ಟಿಷ್ಟು ಓದು ಇತ್ತು, ಆ ದಿನ ಬಿಡುವೂ ಇತ್ತು, ಹಾಗಾಗಿ ಕಾಗದ ಮಡಚುವುದು ಹೊಳೆಯಿತು. ಹೊಳೆಯದ ದಿನಗಳು ಬಹಳ ಇವೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲೂ ಮಗು ಒಂದರ ಹಿಂದೆ ಒಂದು ವಿಡಿಯೊ ನೋಡಿ ಎದ್ದಿದೆ, ಕಲಿತೆ ಅಂದುಕೊಂಡಿದೆ, ನಾನೂ ಹಾಗೆಯೇ ಅಂದುಕೊಂಡಿದ್ದೇನೆ.

ನೋಡಿದ್ದು ಕಲಿತಂತೆ ಭಾಸವಾಗುವುದು ಮಕ್ಕಳ ದೋಷವಲ್ಲ, ಮನುಷ್ಯರ ಮನಸ್ಸು ಇರುವುದೇ ಹಾಗೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕಾಲೇಜು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದಾಗ ಏನಾಗುತ್ತದೆ, ಒಮ್ಮೆ ಓದಿ ಇನ್ನೊಮ್ಮೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದಾಗ ಏನಾಗುತ್ತದೆ ಎಂದು ಹೋಲಿಸಿ ನೋಡಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಅದು ತಿರುಗುಮುರುಗಾಗಿತ್ತು: ನೆನಪಿನಿಂದ ಬರೆದವರಿಗೆ ಪಾಠದ ಅರ್ಧಕ್ಕಿಂತ ಹೆಚ್ಚು ನೆನಪಿತ್ತು, ಎರಡು ಸಲ ಓದಿದವರಿಗೆ ಅಷ್ಟು ಇರಲಿಲ್ಲ. ಇದೇ ಕಾರಣಕ್ಕೆ ಕೆಲವು ದಿನಗಳ ನಂತರ ಕೇಳಬೇಕಾದ ಒಂದು ಪ್ರಶ್ನೆ ಬೇಕು ಎಂದು ಮೇಲೆ ಕೇಳಿದ್ದೇನೆ. ಆ ಪ್ರಶ್ನೆಗೆ ಅಂಕ ಬೇಡ, ಶಾಲೆಗೆ ವರದಿಯೂ ಬೇಡ. ಊಟಕ್ಕೆ ಕೂತಾಗ ಮನೆಯವರು ಕೇಳುವ ಪ್ರಶ್ನೆ ಅದು. ನಾಲ್ಕು ದಿನ ಕಳೆದು ಮೂರನೇ ಒಂದರ ಪ್ರಶ್ನೆಯನ್ನೇ ಮತ್ತೆ ಕೇಳಿದಾಗ, ನನ್ನ ಮಗಳು ಉತ್ತರ ಹೇಳುವ ಮೊದಲು ಗಾಳಿಯಲ್ಲಿ ಬೆರಳಿನಿಂದ ಪಟ್ಟಿ ಮಡಚಿದಳು.

ಉದ್ದನೆಯ ವಿಡಿಯೊಗಳ ಬಗ್ಗೆಯೂ ಒಂದು ಮಾತು. ದೊಡ್ಡವರಿಗಾಗಿ ನಡೆದ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳಲ್ಲಿ ಅರವತ್ತೊಂಬತ್ತು ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ನೋಡುತ್ತಿದ್ದುದು ಹೆಚ್ಚೆಂದರೆ ಆರು ನಿಮಿಷ. ತಾವಾಗಿಯೇ ಬಯಸಿ ಕಲಿಯಲು ಬಂದ ದೊಡ್ಡವರ ಗತಿ ಇದಾದರೆ, ಹತ್ತು ವರ್ಷದ ಮಗುವಿಗೆ ನಲವತ್ತು ನಿಮಿಷದ ತರಗತಿಯನ್ನು ಹಾಗೆಯೇ ಚಿತ್ರೀಕರಿಸಿ ಕಳುಹಿಸುವುದರಲ್ಲಿ ಅರ್ಥವಿಲ್ಲ.

ಮಗನ ಕತೆ ಬೇರೆ. ಅವನಿಗೆ ಹೇಳಿಕೊಡುವವರು ಬೇಕಿಲ್ಲ, ಕೇಳುವವರು ಬೇಕು. ಫೆಟ್‌ನಲ್ಲಿ ಬ್ಯಾಟರಿ, ತಂತಿ, ಬಲ್ಬು ಜೋಡಿಸಿ ವಿದ್ಯುತ್ ಮಂಡಲ ಕಟ್ಟುವ ಪ್ರಯೋಗವಿದೆ. ಬಲ್ಬಿಲ್ಲದೆ ಬ್ಯಾಟರಿಯ ಎರಡೂ ತುದಿಗಳನ್ನು ನೇರವಾಗಿ ತಂತಿಯಿಂದ ಸೇರಿಸಿದರೆ ಪರದೆಯ ಮೇಲಿನ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಅವನು ಅದನ್ನು ಬೇಕೆಂದೇ ಹತ್ತು ಸಲ ಮಾಡಿದ. ಬೈಯೋಣ ಎಂದುಕೊಂಡವಳು ತಡೆದು, "ಬಲ್ಬು ಇದ್ದಾಗ ಹತ್ತದ ಬೆಂಕಿ ಈಗ ಏಕೆ ಹತ್ತಿತು?" ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ರೋಧ, ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಎಂಬ ಪದದವರೆಗೆ ಹೋದೆವು. ಅಲ್ಲಿಂದ ಮುಂದಿನದನ್ನು ಅವನು ಪಠ್ಯಪುಸ್ತಕದಲ್ಲೇ ಹುಡುಕಿಕೊಂಡ. ಮನೆಯಲ್ಲಿ ನಿಜವಾದ ತಂತಿ ಹಿಡಿದು ಎಂದೂ ಮಾಡಬಾರದ ಪ್ರಯೋಗವನ್ನು ಹತ್ತು ಸಲ ಮಾಡಿ ನೋಡಲು ಬಿಡುವುದು ಪರದೆಗೆ ಮಾತ್ರ ಸಾಧ್ಯ. ಇಂಥ ಕಡೆ ಪರದೆಯನ್ನು ಧಾರಾಳವಾಗಿ ಬಳಸಬೇಕು. ಸಂಜೆಯ ಆಕಾಶದಲ್ಲಿ ಹೊಳೆಯುತ್ತಿರುವುದು ಗುರುವೋ ಶುಕ್ರವೋ ಎಂದು ತಿಳಿಯಲು ಸ್ಟೆಲೇರಿಯಮ್ ಎಂಬ ಉಚಿತ ತಂತ್ರಾಂಶ ತೆರೆದು, ಆಮೇಲೆ ಮಹಡಿಗೆ ಹೋಗಿ ತಲೆ ಎತ್ತಿ ನೋಡುವುದೂ ಇದೇ ಜಾತಿಯದು.

ಓದುವ ಅಭ್ಯಾಸದ ವಿಚಾರದಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ. ಮನೆಮಾತಿನ ಸಾಮಗ್ರಿಗೆ ಮೊದಲ ಸ್ಥಾನ ಕೊಡಿ. ಪಟ್ಟಿಯಲ್ಲಿದ್ದ ಬಹುಪಾಲು ಸಾಮಗ್ರಿ ಇಂಗ್ಲಿಷಿನಲ್ಲಿತ್ತು. ವಿಷಯವೂ ಹೊಸದು, ಭಾಷೆಯೂ ಹೊಸದು ಆದಾಗ ಮಗು ಎರಡು ಹೊರೆ ಒಟ್ಟಿಗೆ ಹೊರುತ್ತದೆ, ಮನೆಯ ಹಿರಿಯರು ಪಕ್ಕದಲ್ಲಿ ಕೂತರೂ ಹೊರಗಿನವರಾಗಿ ಉಳಿಯುತ್ತಾರೆ. ಸ್ಟೋರಿವೀವರ್‌ನ ಕಥೆಗಳು ಸುಲಭದಿಂದ ಕಠಿಣದವರೆಗೆ ನಾಲ್ಕು ಹಂತಗಳಲ್ಲಿವೆ. ಮಗಳು ತನ್ನ ತರಗತಿಗಿಂತ ಒಂದು ಹಂತ ಕೆಳಗಿನ ಕಥೆಯಿಂದ ಶುರುಮಾಡಿದಳು. ಅದರಲ್ಲಿ ಅವಮಾನವೇನಿಲ್ಲ; ತಡವರಿಸದೆ ಒಂದು ಕಥೆ ಓದಿ ಮುಗಿಸಿದ ಖುಷಿ ಮುಂದಿನ ಕಥೆಗೆ ತಾನಾಗಿ ಕರೆದೊಯ್ಯುತ್ತದೆ. ಅಲ್ಲಿನ ಕಥೆಗಳನ್ನು ಯಾರು ಬೇಕಾದರೂ ಅನುವಾದಿಸಬಹುದು, ಬದಲಿಸಿ ಬರೆಯಬಹುದು; ಮೂಲ ಬರೆದವರ, ಚಿತ್ರ ಬಿಡಿಸಿದವರ ಹೆಸರನ್ನು ಹೇಳಿದರೆ ಸಾಕು. ಅವಳು ಮತ್ತು ಅವಳ ಅಣ್ಣ ಸೇರಿ ಇಂಗ್ಲಿಷಿನ ಒಂದು ಪುಟ್ಟ ಕಥೆಯನ್ನು ಕನ್ನಡಕ್ಕೆ ತರಲು ಕೂತರು. ಒಂದು ಹಕ್ಕಿ ಹಾರಿಹೋಗುವ ಸಾಲಿಗೆ "ಹಾರಿತು" ಎಂದು ಬರೆಯಬೇಕೋ "ಹಾರಿಹೋಯಿತು" ಎಂದು ಬರೆಯಬೇಕೋ ಎಂದು ಇಬ್ಬರಿಗೂ ಜಗಳವಾಯಿತು. "ಹಾರಿತು ಅಂದ್ರೆ ವಾಪಸ್ ಬರಬಹುದು, ಹಾರಿಹೋಯಿತು ಅಂದ್ರೆ ಇನ್ನು ಬರಲ್ಲ" ಎಂದು ಐದನೆಯ ತರಗತಿಯ ಮಗು ವಾದಿಸಿದ್ದನ್ನು ಕೇಳಿದೆ. ಯಾವ ವ್ಯಾಕರಣದ ವಿಡಿಯೊ ಈ ಮಾತನ್ನು ಅವಳ ಬಾಯಿಂದ ಹೊರಡಿಸುತ್ತಿತ್ತು?

ಇಲ್ಲಿ "ಉಚಿತ" ಮತ್ತು "ಮುಕ್ತ" ಎಂಬ ಎರಡು ಪದಗಳ ವ್ಯತ್ಯಾಸವನ್ನು ನಿಮ್ಮ ಗಮನಕ್ಕೆ ತರಬೇಕು. ಉಚಿತವಾದದ್ದನ್ನು ನಾವು ಹಣ ಕೊಡದೆ ನೋಡಬಹುದು. ನಾಳೆ ಅದಕ್ಕೆ ಬೆಲೆ ಇಟ್ಟರೆ ನಮ್ಮ ಕೈ ತಪ್ಪುತ್ತದೆ. ಮುಕ್ತವಾದದ್ದನ್ನು ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಬಹುದು, ಭಾಷಾಂತರಿಸಬಹುದು, ನಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಬಹುದು. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಪರಿಕಲ್ಪನೆಗೆ ಯುನೆಸ್ಕೊ ವೇದಿಕೆಯಲ್ಲಿ ಆ ಹೆಸರು ಬಂದದ್ದು 2002ರಲ್ಲಿ. ಅದೇ ವರ್ಷದ ಕೊನೆಗೆ, ಒಂದು ಕೃತಿಯನ್ನು ಯಾವ ಷರತ್ತಿನ ಮೇಲೆ ಹಂಚಬಹುದು, ತಿದ್ದಬಹುದು ಎಂದು ಮೊದಲೇ ತಿಳಿಸುವ ಕ್ರಿಯೇಟಿವ್ ಕಾಮನ್ಸ್‌ನ ಮೊದಲ ಪರವಾನಗಿಗಳು ಹೊರಬಂದವು. 2019ರಲ್ಲಿ ಯುನೆಸ್ಕೊ ಇಂಥ ಸಂಪನ್ಮೂಲಗಳ ಬಗ್ಗೆ ಎಲ್ಲ ಸದಸ್ಯ ದೇಶಗಳಿಗೂ ಶಿಫಾರಸು ಮಾಡಿತು. ಶಾಲೆಯೊಂದು ಲಿಂಕ್ ಆರಿಸುವಾಗ ಪುಟದ ಕೆಳಗಿರುವ ಆ ಪರವಾನಗಿಯ ಗುರುತನ್ನು ಒಮ್ಮೆ ನೋಡಿದರೆ ಸಾಕು, ಅದನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಹಂಚಬಹುದೇ ಇಲ್ಲವೇ ಎಂಬುದು ಗೊತ್ತಾಗುತ್ತದೆ.

ಪೆನ್‌ಡ್ರೈವಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. 2020ರಲ್ಲಿ ಜಗತ್ತಿನಾದ್ಯಂತ ಶಾಲೆಗಳು ಮುಚ್ಚಿದಾಗ ನೂರೈವತ್ತು ಕೋಟಿಗೂ ಹೆಚ್ಚು ಮಕ್ಕಳು ಮತ್ತು ಯುವಜನರ ಓದಿಗೆ ಅಡ್ಡಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಜಂಟಿಯಾಗಿ ಪ್ರಕಟಿಸಿದ ವರದಿಯ ಪ್ರಕಾರ, 3ರಿಂದ 17 ವರ್ಷದ ಮಕ್ಕಳಲ್ಲಿ ಮೂರನೇ ಎರಡರಷ್ಟು, ಅಂದರೆ ಸುಮಾರು 130 ಕೋಟಿ ಮಕ್ಕಳ ಮನೆಯಲ್ಲಿ ಇಂಟರ್‌ನೆಟ್ ಸಂಪರ್ಕವೇ ಇರಲಿಲ್ಲ. ಸಂಪರ್ಕ ಇರುವ ಮನೆಗಳಲ್ಲೂ ಎಷ್ಟೋ ಕಡೆ ಇರುವುದು ಒಂದೇ ಫೋನು. ಅದು ಬೆಳಿಗ್ಗೆ ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಕೆಲಸಕ್ಕೆ ಹೋಗಿ, ಸಂಜೆ ಅರ್ಧ ಚಾರ್ಜಿನಲ್ಲಿ ಮನೆಗೆ ಬರುತ್ತದೆ. ಇಬ್ಬರು ಮಕ್ಕಳಿದ್ದರೆ ಆ ಅರ್ಧ ಚಾರ್ಜನ್ನು ಇಬ್ಬರೂ ಹಂಚಿಕೊಳ್ಳಬೇಕು. ಆ ಮನೆಗೆ ನಲವತ್ತೊಂದು ಲಿಂಕ್ ಕಳುಹಿಸುವುದು ಸಹಾಯವಲ್ಲ, ಹೊರೆ. ಆದರೆ ಎಂಟು ನಿಮಿಷದ ಒಂದು ಪಾಠ ಮತ್ತು ಮುಕ್ಕಾಲು ಗಂಟೆಯ ಕಾಗದದ ಕೆಲಸ ಆ ಮನೆಯಲ್ಲೂ ನಡೆಯುತ್ತದೆ.

ಇಂಟರ್‌ನೆಟ್ ಇಲ್ಲದೆ ನಡೆಯುವ ದಾರಿಗಳೂ ಇವೆ ಎಂಬುದು ಬಹಳ ಶಾಲೆಗಳಿಗೆ ತಿಳಿದಂತಿಲ್ಲ. ಫೆಟ್‌ನ ಹೊಸ ರೂಪದ ಪ್ರಯೋಗಗಳನ್ನು ಒಂದೊಂದಾಗಿ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ವಿಕಿಪೀಡಿಯವನ್ನೇ ಒಂದು ಕಡತವಾಗಿ ಇಳಿಸಿಟ್ಟುಕೊಳ್ಳಬಹುದು. ಕೊಲಿಬ್ರಿ ಎಂಬ ಉಚಿತ ತಂತ್ರಾಂಶವನ್ನು ಶಾಲೆಯ ಒಂದು ಹಳೆಯ ಕಂಪ್ಯೂಟರಿಗೆ ಹಾಕಿಟ್ಟರೆ, ಅದರ ಸುತ್ತಮುತ್ತ ಇರುವ ಫೋನುಗಳು, ಟ್ಯಾಬ್ಲೆಟ್‌ಗಳು ಸ್ಥಳೀಯ ವೈಫೈ ಮೂಲಕ, ಡೇಟಾ ಖರ್ಚಿಲ್ಲದೆ, ಅದರಲ್ಲಿರುವ ಪಾಠಗಳನ್ನು ತೆರೆಯಬಹುದು. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಸಾರ್ವಜನಿಕರಿಗೆ ತೆರೆದ ಸ್ಕ್ರ್ಯಾಚ್, ಅಂದರೆ ಮಕ್ಕಳು ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮಿಂಗ್ ಕಲಿಯುವ ಸಾಧನ, ಅದಕ್ಕೂ ಸಂಪರ್ಕ ಬೇಡದ ಆವೃತ್ತಿಯಿದೆ. ಇವನ್ನೆಲ್ಲ ಒಮ್ಮೆ ಇಳಿಸಿ, ಜೋಡಿಸಿ ಇಡುವುದು ಒಂದು ಮನೆಗೆ ಹೊರೆಯಾಗುತ್ತದೆ, ಶಾಲೆಗೆ ಒಂದು ವಾರದ ಕೆಲಸವಾಗುತ್ತದೆ. ಅದನ್ನು ಶಾಲೆಯೇ ಮಾಡಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಮಗುವಿನ ಖಾಸಗಿ ವಿವರಗಳ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರವಾದರೆ ಕ್ಷಮಿಸಿ. ಪಟ್ಟಿಯಲ್ಲಿದ್ದ ಹನ್ನೆರಡು ಲಿಂಕ್‌ಗಳು ಹುಟ್ಟಿದ ದಿನಾಂಕ ಕೇಳಿದವು ಎಂದೆನಲ್ಲ, ಅವು ಶಾಲೆಯ ಹೆಸರಿನಲ್ಲಿ ಬಂದವು ಎಂಬ ಒಂದೇ ಕಾರಣಕ್ಕೆ ಎಷ್ಟೋ ಪೋಷಕರು ಹಿಂದೆಮುಂದೆ ನೋಡದೆ ಎಲ್ಲವನ್ನೂ ತುಂಬಿರುತ್ತಾರೆ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಮಕ್ಕಳಿಗೆ ಶಿಫಾರಸು ಮಾಡಿದ ಆನ್‌ಲೈನ್ ಕಲಿಕೆಯ ಸಾಧನಗಳನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಪರಿಶೀಲಿಸಿ 2022ರಲ್ಲಿ ವರದಿ ಪ್ರಕಟಿಸಿತು. ಅವುಗಳಲ್ಲಿ ಶೇ. 89ರಷ್ಟು ಸಾಧನಗಳು ಮಕ್ಕಳ ಮಾಹಿತಿಯನ್ನು ಅವರ ಹಕ್ಕುಗಳಿಗೆ ಧಕ್ಕೆ ತರಬಲ್ಲ ರೀತಿಯಲ್ಲಿ ಬಳಸುತ್ತಿದ್ದವು ಅಥವಾ ಬಳಸಬಲ್ಲವಾಗಿದ್ದವು ಎಂದು ಅದು ಹೇಳಿತು. ಹಣ ಕೇಳದ ಜಾಲತಾಣ ಬೇರೇನನ್ನೋ ಕೇಳುತ್ತಿರಬಹುದು. ಫೆಟ್‌ಗಾಗಲಿ, ವಿಕಿಪೀಡಿಯಕ್ಕಾಗಲಿ, ಸ್ಟೋರಿವೀವರ್‌ನಲ್ಲಿ ಕಥೆ ಓದುವುದಕ್ಕಾಗಲಿ ಮಗು ತನ್ನ ಹೆಸರು ಹೇಳಬೇಕಾಗಿಲ್ಲ. ಖಾತೆ ತೆರೆಯದೆ ನಡೆಯುವ ಸಾಮಗ್ರಿ ಇರುವಾಗ ಖಾತೆ ಕೇಳುವುದನ್ನು ಕಳುಹಿಸಬೇಡಿ. ಕಳುಹಿಸಲೇಬೇಕಾದರೆ ಅದು ಏನೇನು ಕೇಳುತ್ತದೆ, ಏಕೆ ಕೇಳುತ್ತದೆ ಎಂದು ಮೊದಲೇ ತಿಳಿಸಿ. ಯೂಟ್ಯೂಬಿನ ಪಾಠವಾದರೆ, ಮುಂದಿನ ವಿಡಿಯೊ ತಾನಾಗಿ ಶುರುವಾಗುವ ಆಟೊಪ್ಲೇ ಆಯ್ಕೆಯನ್ನು ಬಂದ್ ಮಾಡುವುದು ಹೇಗೆ ಎಂಬ ಒಂದು ಸಾಲನ್ನೂ ಸೇರಿಸಿ. ಭಿನ್ನರಾಶಿಯಿಂದ ಶುರುವಾದ ಸಂಜೆ ಎಲ್ಲೆಲ್ಲಿಗೋ ಹೋಗಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ.

ಶಿಕ್ಷಕರಿಗೆ ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅವರ ಮೇಲೆ ಈಗಾಗಲೇ ಇರುವ ಹೊರೆಯ ಮೇಲೆ ಇದನ್ನೂ ಹೇರಿ ಎಂದು ನಾನು ಕೇಳುತ್ತಿಲ್ಲ. ನಲವತ್ತೊಂದು ಲಿಂಕ್ ಕಲೆಹಾಕಿದ ಸಮಯದಲ್ಲೇ ನಾಲ್ಕನ್ನು ಪೂರ್ತಿ ನೋಡಬಹುದಿತ್ತು. ಒಬ್ಬ ಶಿಕ್ಷಕಿ ಆರಿಸಿ ಬರೆದದ್ದು ಅದೇ ತರಗತಿಯ ಬೇರೆ ವಿಭಾಗಗಳಿಗೂ, ಪಕ್ಕದ ಶಾಲೆಗೂ, ಮುಂದಿನ ವರ್ಷಕ್ಕೂ ಆಗುತ್ತದೆ. ಅಧಿಕಾರಿಗಳಲ್ಲಿ ನನ್ನ ಕೋರಿಕೆ ಏನೆಂದರೆ, ಆರಿಸುವ ಈ ಕೆಲಸವನ್ನು ಕೆಲಸವೆಂದು ಲೆಕ್ಕಕ್ಕೆ ತೆಗೆದುಕೊಂಡು, ಶಿಕ್ಷಕರ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡಿ. ಎಷ್ಟು ಲಿಂಕ್ ಕಳುಹಿಸಿದಿರಿ ಎಂದು ವರದಿ ಕೇಳುವ ಪದ್ಧತಿ ಇದ್ದರೆ ಅದನ್ನು ಕೈಬಿಡಿ. ಪಟ್ಟಿ ಬೆಳೆಯುವುದಕ್ಕೆ ಅದೇ ಮುಖ್ಯ ಕಾರಣ ಎಂದು ನನ್ನ ಅನುಮಾನ.

ಪೋಷಕರಾದ ನಮ್ಮ ಪಾಲಿನ ಹೊಣೆಯನ್ನು ನಾನು ಮರೆತಿಲ್ಲ. ಫೋನ್ ಮಗುವಿನ ಕೈಗೆ ಕೊಟ್ಟು ನಾವು ನಮ್ಮ ಕೆಲಸಕ್ಕೆ ಹೋದರೆ, ಯಾವ ಶಿಕ್ಷಕರ ಆಯ್ಕೆಯೂ ಉಪಯೋಗಕ್ಕೆ ಬರುವುದಿಲ್ಲ. ಆದರೆ "ನಮಗೇ ಓದು ಬರುವುದಿಲ್ಲ, ಮಕ್ಕಳಿಗೆ ಏನು ಹೇಳಿಕೊಡೋಣ" ಎಂದು ಹಿಂಜರಿಯುವ ಮನೆಗಳಿವೆ. ಅಂಥ ಮನೆಯವರಿಗೆ ನೀವೇ ಧೈರ್ಯ ಹೇಳಬೇಕು. ನನ್ನ ತಾಯಿ ಶಾಲೆ ಬಿಟ್ಟದ್ದು ನಾಲ್ಕನೆಯ ತರಗತಿಗೆ. ನಾನು ಮನೆಯಲ್ಲಿಲ್ಲದ ದಿನ ಮೊಮ್ಮಗಳ ಪಕ್ಕ ಕೂರುವವರು ಅವರೇ. ಅವರು ಹೇಳಿಕೊಡುವುದಿಲ್ಲ. "ನಂಗೆ ಇದು ಗೊತ್ತಿಲ್ಲ ಕಣೇ, ನೀನು ನೋಡಿದ್ದನ್ನ ನಂಗೆ ಹೇಳು" ಎನ್ನುತ್ತಾರೆ. ಮಗು ಹೇಳಲು ಶುರುಮಾಡುತ್ತದೆ, ನಡುವೆ ಎಲ್ಲೋ ತಡವರಿಸುತ್ತದೆ, "ಇರಿ ಅಜ್ಜಿ, ಇನ್ನೊಂದ್ಸಲ ನೋಡ್ತೀನಿ" ಎಂದು ವಾಪಸ್ ಪಾಠಕ್ಕೆ ಹೋಗುತ್ತದೆ. ಎಲ್ಲಿ ಅರ್ಥವಾಗಿಲ್ಲ ಎಂಬುದು ಮಗುವಿಗೆ ಗೊತ್ತಾಗುವುದು ಆ ತಡವರಿಕೆಯಲ್ಲಿ. ನೀವು ಬರೆದು ಕಳುಹಿಸುವ ಒಂದು ಪ್ರಶ್ನೆ ನನ್ನ ತಾಯಿಯಂಥವರು ಕೇಳಬಲ್ಲಂಥದ್ದಾಗಿರಲಿ: ಸರಳ ಮಾತಿನಲ್ಲಿ, ಉತ್ತರ ಗೊತ್ತಿಲ್ಲದವರೂ ಕೇಳಬಹುದಾದ ಹಾಗೆ. ಓದಲು ಬಾರದ ಹಿರಿಯರಿರುವ ಮನೆಗಳಿಗೆ ಅದನ್ನು ಶಿಕ್ಷಕರು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕಳುಹಿಸಿದರೆ ಇನ್ನೂ ಒಳ್ಳೆಯದು. ಟೀಚರ ದನಿ ಕೇಳಿದ ಕೂಡಲೇ ಮಕ್ಕಳು ನೆಟ್ಟಗೆ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದಿನ ದೀರ್ಘ ರಜೆಗೆ ಮೊದಲು, ಒಂದು ತರಗತಿಗೆ, ಒಂದೇ ವಿಷಯಕ್ಕೆ, ನಾಲ್ಕು ವಾರಗಳ ಮಟ್ಟಿಗೆ ಇದನ್ನು ಪ್ರಯೋಗವಾಗಿ ಮಾಡಿ ನೋಡಿ ಎಂದು ಬೇಡಿಕೊಳ್ಳುತ್ತೇನೆ. ಉಳಿದ ಹದಿನಾಲ್ಕು ಲಿಂಕ್‌ಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಯಾವುದು ಯಾವ ಭಾಷೆಯಲ್ಲಿದೆ, ಎಷ್ಟು ನಿಮಿಷದ್ದು, ಇಳಿಸಿಕೊಳ್ಳಬಹುದೇ, ಖಾತೆ ಕೇಳುತ್ತದೆಯೇ, ಅದನ್ನು ನೋಡಿದ ಮೇಲೆ ನನ್ನ ಮಕ್ಕಳು ಏನು ಮಾಡಿದರು, ಎಲ್ಲಿ ಎಡವಿದರು ಎಂಬ ವಿವರಗಳು ಅದರಲ್ಲಿವೆ. ನೋಟ್‌ಬುಕ್ಕನ್ನು ಯಾವ ಶಾಲೆ ಕೇಳಿದರೂ ಕೊಡುತ್ತೇನೆ. ಲಿಂಕ್‌ಗಳನ್ನು ತೆರೆದು ಪರೀಕ್ಷಿಸಲು ಶಿಕ್ಷಕರ ಜೊತೆ ಕೂರುವುದಕ್ಕೆ ಪೋಷಕರು ಬೇಕಿದ್ದರೆ, ವಾರದಲ್ಲಿ ಎರಡು ಸಂಜೆ ನಾನು ಬರಬಲ್ಲೆ. ಕೇಳಿದರೆ ನನ್ನಂತೆ ಬರುವವರು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ